ಮಾತ್ರೆ ನುಂಗುವವರ ಮಾತೂ ನಡೆಯಲಿ

ಸಕ್ಕರೆ ಕಾಯಿಲೆ ಇರುವವರು ಮೂರು ತಿಂಗಳಿಗೊಮ್ಮೆ ಡಾಕ್ಟರ ಎದುರು ಕೂರುತ್ತಾರೆ. ರಿಪೋರ್ಟು ನೋಡುವುದು, ಬಿ.ಪಿ. ನೋಡುವುದು, ಚೀಟಿ ಬರೆಯುವುದು ಎಲ್ಲವೂ ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲಿನ ಮೂರು ತಿಂಗಳು ಔಷಧದ ವಿಷಯದಲ್ಲಿ ತೀರ್ಮಾನ ಮಾಡುವವರು ಅವರೇ. ತಿಂಡಿ ತಡವಾಗುವಂತಿದ್ದರೆ ಮಾತ್ರೆ ಈಗಲೇ ನುಂಗಬೇಕೋ ಆಮೇಲೋ, ಮದುವೆ ಮನೆಯಲ್ಲಿ ಹೋಳಿಗೆ ತಿಂದ ರಾತ್ರಿ ಒಂದು ಗುಳಿಗೆ ಹೆಚ್ಚಿಗೆ ಹಾಕಿಕೊಳ್ಳಬೇಕೋ, ತಿಂಗಳ ಕೊನೆಗೆ ಕೈಯಲ್ಲಿ ದುಡ್ಡಿಲ್ಲದಾಗ ಎರಡು ಹೊತ್ತಿನದನ್ನು ಒಂದೇ ಹೊತ್ತಿಗೆ ಇಳಿಸಬೇಕೋ, ಇದನ್ನೆಲ್ಲ ಯಾರನ್ನೂ ಕೇಳದೆ ಮನೆಯಲ್ಲೇ ನಿರ್ಧರಿಸುತ್ತಾರೆ. ಔಷಧದ ತೀರ್ಮಾನದಲ್ಲಿ ರೋಗಿಯನ್ನು ಸೇರಿಸಿಕೊಳ್ಳಬೇಕೇ ಎಂದು ವೈದ್ಯಲೋಕ ಚರ್ಚೆ ಮಾಡುತ್ತದೆ. ರೋಗಿ ಆಗಲೇ ಸೇರಿಕೊಂಡು ಬಹಳ ಕಾಲವಾಗಿದೆ. ಅವರ ತೀರ್ಮಾನ ಡಾಕ್ಟರಿಗೆ ಗೊತ್ತಿದ್ದು, ಡಾಕ್ಟರ ತಿಳಿವಳಿಕೆಯ ಬೆಂಬಲದಲ್ಲಿ ಆಗುತ್ತದೆಯೋ, ಇಲ್ಲ ಗುಟ್ಟಾಗಿ, ಅರೆಬರೆ ಮಾಹಿತಿಯ ಮೇಲೆ ಆಗುತ್ತದೆಯೋ ಎಂದು ನಾವು ಕೇಳಿಕೊಳ್ಳಬೇಕು.

ಶ್ರೀಮಂತ ದೇಶಗಳಲ್ಲೇ ದೀರ್ಘಕಾಲದ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಹೇಳಿದ ಪ್ರಕಾರ ಔಷಧ ತೆಗೆದುಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಹೇಳಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇಷ್ಟು ಜನರ ಮನೆಗಳಲ್ಲಿ ನುಂಗದೆ ಉಳಿದ ಮಾತ್ರೆಗಳ ಸುದ್ದಿ ಆಸ್ಪತ್ರೆಯ ಕಡತಕ್ಕೆ ಬರುವುದಿಲ್ಲ. "ಮಾತ್ರೆ ತಪ್ಪದೆ ತಗೋತಿದ್ದೀರಾ?" ಎಂದು ಡಾಕ್ಟರು ಕೇಳಿದರೆ "ಹೂಂ ಸಾರ್" ಎಂದೇ ಉತ್ತರ. ಇಲ್ಲವೆಂದರೆ ಬೈಯುತ್ತಾರೆಂಬ ಭಯ. ಆ 'ಹೂಂ' ನಂಬಿದ ಡಾಕ್ಟರು, ಇಷ್ಟು ಕೊಟ್ಟರೂ ಶುಗರ್ ಇಳಿದಿಲ್ಲವಲ್ಲ ಎಂದು ಡೋಸ್ ಏರಿಸುತ್ತಾರೆ, ಇಲ್ಲವೇ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಮುಂದೊಂದು ದಿನ ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆ ಸೇರಿ, ಚೀಟಿಯಲ್ಲಿದ್ದ ಅಷ್ಟೂ ಮಾತ್ರೆಗಳನ್ನು ನರ್ಸ್ ಹೊತ್ತು ಹೊತ್ತಿಗೆ ನುಂಗಿಸಿದಾಗ ಶುಗರ್ ಒಮ್ಮೆಲೇ ಕುಸಿಯಬಹುದು. ಮಾತಿನಲ್ಲಿ ಮುಚ್ಚಿಟ್ಟದ್ದು ಹೀಗೆ ಮೈಮೇಲೆ ಬರುತ್ತದೆ.

ಎಲ್ಲ ಕಾಯಿಲೆಗೂ ಇದೇ ಮಾತು ಸಲ್ಲುವುದಿಲ್ಲ. ನ್ಯುಮೋನಿಯಾಕ್ಕೆ ಯಾವ ಆಂಟಿಬಯಾಟಿಕ್ ಬೇಕೆಂದು ರೋಗಿಯನ್ನು ಕೇಳಿ ಪ್ರಯೋಜನವಿಲ್ಲ. ಟೈಪ್ 2 ಮಧುಮೇಹದ ವಿಷಯ ಬೇರೆ. ಇಲ್ಲಿ ಮೊದಲ ಮಾತ್ರೆ ಬಹುಮಟ್ಟಿಗೆ ಮೆಟ್‌ಫಾರ್ಮಿನ್. ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟು 1957ರಲ್ಲಿ ವರದಿ ಮಾಡಿದ ಮೇಲೆ ಇಷ್ಟು ದಶಕ ಕಳೆದರೂ ಅದರ ಜಾಗ ಗಟ್ಟಿಯಾಗಿದೆ. ಅದೊಂದೇ ಸಾಲದಾದಾಗ ದಾರಿ ಹಲವಾಗಿ ಕವಲೊಡೆಯುತ್ತದೆ. ಗ್ಲಿಮೆಪಿರೈಡ್ ಅಗ್ಗ, ಶುಗರನ್ನು ಚೆನ್ನಾಗಿ ಇಳಿಸುತ್ತದೆ. ಆದರೆ ಮಾತ್ರೆ ನುಂಗಿ ಊಟ ತಪ್ಪಿತೋ, ಶುಗರ್ ತೀರ ಇಳಿದು 'ಲೋ' ಆಗಿ ಬೆವರು, ನಡುಕ, ಕಣ್ಣು ಕತ್ತಲೆ. ತೂಕವೂ ಸ್ವಲ್ಪ ಏರುತ್ತದೆ. ಸಿಟಾಗ್ಲಿಪ್ಟಿನ್ ಗುಂಪಿನವು 'ಲೋ' ಮಾಡುವುದು ಅಪರೂಪ, ತೂಕ ಏರಿಸುವುದಿಲ್ಲ, ಶುಗರ್ ಇಳಿಸುವ ಬಲ ಮಾತ್ರ ಸಾಧಾರಣ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಹೃದಯಕ್ಕೂ ಕಿಡ್ನಿಗೂ ರಕ್ಷಣೆ ಕೊಡುತ್ತವೆ. ಜೊತೆಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಗುಪ್ತಾಂಗದಲ್ಲಿ ಫಂಗಸ್ ಸೋಂಕು ತಗಲಬಹುದು. ಇನ್ಸುಲಿನ್ ಎಲ್ಲಕ್ಕಿಂತ ಬಲವಾದದ್ದು. ಸೂಜಿ, ಫ್ರಿಡ್ಜ್, ಹೊತ್ತಿಗೆ ಸರಿಯಾದ ಊಟ ಎಲ್ಲವನ್ನೂ ಬೇಡುತ್ತದೆ. ಹೃದಯ ದುರ್ಬಲವಾಗಿದ್ದರೆ, ಕಿಡ್ನಿ ಸೋಲುತ್ತಿದ್ದರೆ ವಿಜ್ಞಾನವೇ ಒಂದು ಕಡೆಗೆ ಬಲವಾಗಿ ವಾಲುತ್ತದೆ, ಅಂಥಲ್ಲಿ ಡಾಕ್ಟರು ಅಳುಕದೆ ಒತ್ತಿ ಹೇಳಬೇಕು. ಅಂಥ ತೊಡಕಿಲ್ಲದ ಲಕ್ಷಾಂತರ ಜನರ ವಿಷಯದಲ್ಲಿ ಆಯ್ಕೆ ನಿಂತಿರುವುದು ಅವರ ದಿನಚರಿ, ದುಡಿಮೆ, ದುಡ್ಡು, ಭಯಗಳ ಮೇಲೆ. ಇವುಗಳ ಬಗ್ಗೆ ಡಾಕ್ಟರಿಗಿಂತ ರೋಗಿಗೇ ಹೆಚ್ಚು ಗೊತ್ತು.

ಬೆಂಗಳೂರಿನ ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ನಲವತ್ತೈದರ ಹೆಂಗಸೊಬ್ಬಳನ್ನು ನೆನೆದುಕೊಳ್ಳಿ. ಗಂಟೆಗೆ ಇಷ್ಟು ಪೀಸು ಎಂದು ಲೆಕ್ಕ ಕೊಡಬೇಕು. ಎದ್ದು ಹೋದರೆ ಅವಳ ಮುಂದೆ ಬಟ್ಟೆ ರಾಶಿ ಬೀಳುತ್ತದೆ, ಸೂಪರ್‌ವೈಸರ್ ಕೂಗುತ್ತಾನೆ. ಹಾಗಾಗಿ ಬೆಳಿಗ್ಗೆಯಿಂದ ನೀರನ್ನೇ ಕಡಿಮೆ ಕುಡಿಯುವ ಅಭ್ಯಾಸ. ಅವಳ ಚೀಟಿಯಲ್ಲಿ ಡಪಾಗ್ಲಿಫ್ಲೋಜಿನ್ ಬರೆದಿದೆ. ಪುಸ್ತಕದ ಪ್ರಕಾರ ಒಳ್ಳೆಯ ಮಾತ್ರೆಯೇ. ನಾಲ್ಕು ದಿನದಲ್ಲಿ ಅವಳಿಗೆ ಅರ್ಥವಾಗುತ್ತದೆ, ಇದನ್ನು ನುಂಗಿ ಲೈನಿನಲ್ಲಿ ಕೂರಲು ಆಗದು ಎಂದು. ಹದಿನೈದು ದಿನಕ್ಕೆ ನವೆ ಶುರುವಾಗುತ್ತದೆ; ಅದನ್ನು ಗಂಡಸು ಡಾಕ್ಟರ ಮುಂದೆ, ಬಾಗಿಲಲ್ಲಿ ಇನ್ನೂ ಆರು ಜನ ಕಾಯುತ್ತಿರುವಾಗ ಹೇಗೆ ಹೇಳುವುದು? ಮಾತ್ರೆ ಬಿಡುತ್ತಾಳೆ. ಮುಂದಿನ ಸಲ ಮೂರು ತಿಂಗಳ ಸರಾಸರಿ ಏರಿರುತ್ತದೆ, 'ಪಥ್ಯ ಮಾಡುತ್ತಿಲ್ಲ' ಎಂಬ ಬೈಗುಳ ಕೇಳಿ ಬರುತ್ತಾಳೆ. ಆ ಮಾತ್ರೆ ಬರೆಯುವ ಮುಂಚೆ "ಕೆಲಸದಲ್ಲಿ ಬೇಕಾದಾಗ ಎದ್ದು ಹೋಗಲು ಬಿಡ್ತಾರೇನಮ್ಮ?" ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ರಾತ್ರಿ ಬಸ್ ಓಡಿಸುವ ಡ್ರೈವರಿಗೆ ಗ್ಲಿಮೆಪಿರೈಡ್ ಬರೆಯುವಾಗ, ಒಂಟಿಯಾಗಿರುವ ಎಪ್ಪತ್ತೆಂಟರ ಅಜ್ಜಿಗೆ ಇನ್ಸುಲಿನ್ ಏರಿಸುವಾಗ ಕೇಳಬೇಕಾದ ಪ್ರಶ್ನೆಗಳು ಬೇರೆ. ಕೇಳದೆ ಬರೆದರೆ ಮೂವರ ಚೀಟಿಯೂ ತಪ್ಪುವ ಸಂಭವವಿದೆ.

ಕೇಳುವುದು ಹೇಗೆ ಎಂಬುದನ್ನು ಅಮೆರಿಕದ ಮಿನೆಸೋಟದ ಮೇಯೊ ಕ್ಲಿನಿಕ್‌ನಲ್ಲಿ ವಿಕ್ಟರ್ ಮೊಂಟೋರಿ ಎಂಬ ಮಧುಮೇಹ ತಜ್ಞರ ತಂಡ ತುಂಬ ಸರಳವಾದ ರೀತಿಯಲ್ಲಿ ತೋರಿಸಿಕೊಟ್ಟಿತು. ಅವರು ಕೆಲವು ಕಾರ್ಡುಗಳನ್ನು ಮಾಡಿದರು. ಔಷಧಕ್ಕೊಂದು ಕಾರ್ಡು ಮಾಡದೆ, ರೋಗಿಯ ಬದುಕಿನ ಒಂದೊಂದು ಚಿಂತೆಗೆ ಒಂದೊಂದು ಮಾಡಿದ್ದು ಅವರ ಜಾಣತನ. ತೂಕದ್ದೊಂದು, ಶುಗರ್ ತೀರ ಇಳಿಯುವ ಅಪಾಯದ್ದೊಂದು, ಶುಗರ್ ಎಷ್ಟು ಇಳಿಯುತ್ತದೆ ಎಂಬುದಕ್ಕೊಂದು, ದಿನಕ್ಕೆ ಎಷ್ಟು ಸಲ ಯಾವಾಗ ತೆಗೆದುಕೊಳ್ಳಬೇಕು ಎಂಬುದಕ್ಕೊಂದು, ಮನೆಯಲ್ಲಿ ಬೆರಳು ಚುಚ್ಚಿ ನೋಡಿಕೊಳ್ಳುವುದಕ್ಕೊಂದು, ಅಡ್ಡಪರಿಣಾಮಕ್ಕೊಂದು. ಮುಂದೆ ಖರ್ಚಿನ ಕಾರ್ಡೂ ಸೇರಿತು. ಪ್ರತಿ ಕಾರ್ಡಿನಲ್ಲೂ ಎಲ್ಲ ಔಷಧಗಳೂ ಒಂದರ ಕೆಳಗೊಂದು ಇರುತ್ತವೆ. ಡಾಕ್ಟರು ಇವನ್ನು ಮೇಜಿನ ಮೇಲೆ ಹರಡಿ, ಯಾವುದರ ಬಗ್ಗೆ ಮೊದಲು ಮಾತಾಡೋಣ ಎಂದು ಕೇಳುತ್ತಾರೆ. ರೋಗಿ ಒಂದನ್ನು ಎತ್ತಿಕೊಳ್ಳುತ್ತಾರೆ. ತೂಕದ ಕಾರ್ಡು ಎತ್ತಿದವರ ಚಿಂತೆಯೇ ಬೇರೆ, ಖರ್ಚಿನ ಕಾರ್ಡು ಎತ್ತಿದವರದೇ ಬೇರೆ. ಸಂಕೋಚದವರೂ ಕಾರ್ಡು ಎತ್ತಬಲ್ಲರು. ಬಾಯಿಬಿಟ್ಟು ಹೇಳಲಾಗದ್ದನ್ನು ಕೈ ಹೇಳುತ್ತದೆ.

ಈ ಕಾರ್ಡುಗಳನ್ನು 85 ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಕಾರ್ಡು ಬಳಸಿದ ಕಡೆ ರೋಗಿಗಳ ತಿಳಿವಳಿಕೆ ಹೆಚ್ಚಿತ್ತು, ಮಾತುಕತೆಯಲ್ಲಿ ಅವರ ಪಾಲೂ ಹೆಚ್ಚಿತ್ತು. ಆದರೆ ಆರು ತಿಂಗಳ ನಂತರ ರಕ್ತದ ಸಕ್ಕರೆಯ ಮಟ್ಟದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರೋಗಿಯನ್ನು ಸೇರಿಸಿಕೊಂಡರೆ ಶುಗರ್ ತಾನಾಗಿ ಇಳಿಯುತ್ತದೆ ಎಂದು ಭರವಸೆ ಕೊಡುವವರು ಇದನ್ನು ಮರೆಯಬಾರದು. ಆದರೂ ನಾನು ಈ ಪದ್ಧತಿಯ ಪರವಾಗಿಯೇ ನಿಲ್ಲುತ್ತೇನೆ. ಅಂಕಿ ಒಂದೇ ಇದ್ದು, ಒಂದು ಗುಂಪಿನವರಿಗೆ ತಾವು ಏನು ನುಂಗುತ್ತಿದ್ದೇವೆ, ಏಕೆ ನುಂಗುತ್ತಿದ್ದೇವೆ ಎಂಬುದು ಗೊತ್ತಿದೆ, ಇನ್ನೊಂದು ಗುಂಪಿಗೆ ಅಷ್ಟು ಗೊತ್ತಿಲ್ಲ ಎಂದಾದರೆ ಮೊದಲನೆಯದೇ ಮೇಲು. ಈ ಮಾತ್ರೆಗಳನ್ನು ಇಪ್ಪತ್ತು ಮೂವತ್ತು ವರ್ಷ ಅವರ ಮೈ ಹೊರಬೇಕು. ಅಷ್ಟು ವರ್ಷದ ಹೊರೆಯನ್ನು ತಿಳಿದು ಹೊರುವುದು ಮನುಷ್ಯರ ಹಕ್ಕು. ಅದನ್ನು ರುಜುವಾತು ಮಾಡಲು ಪ್ರಯೋಗಾಲಯದ ಅಂಕಿ ಬೇಕಿಲ್ಲ.

ಇನ್ನೊಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಯಾವ ಔಷಧ ಎಂಬುದಷ್ಟೇ ಅಲ್ಲ, ಶುಗರನ್ನು ಎಷ್ಟಕ್ಕೆ ಇಳಿಸಬೇಕು ಎಂಬುದೂ ಒಂದು ತೀರ್ಮಾನವೇ. ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) ಏಳರ ಒಳಗಿರಬೇಕು ಎಂಬ ಮಾತು ಗೋಡೆಯ ಮೇಲಿನ ಶಾಸನದಂತೆ ಜನರ ಬಾಯಲ್ಲಿದೆ. ಅದರ ಹಿಂದೆ ದೊಡ್ಡ ಅಧ್ಯಯನಗಳಿವೆ. 1977ರಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿ 1998ರಲ್ಲಿ ಮುಖ್ಯ ಫಲಿತಾಂಶ ಕೊಟ್ಟ ಯುಕೆಪಿಡಿಎಸ್, ಹೊಸದಾಗಿ ಕಾಯಿಲೆ ಪತ್ತೆಯಾದ 5,102 ಜನರನ್ನು ಸೇರಿಸಿಕೊಂಡಿತ್ತು. ಸರಾಸರಿಯನ್ನು 7.9ರ ಬದಲು 7.0ರ ಹತ್ತಿರ ಇಟ್ಟರೆ ಕಣ್ಣು, ಕಿಡ್ನಿ ಮುಂತಾದೆಡೆಯ ಸೂಕ್ಷ್ಮ ರಕ್ತನಾಳಗಳ ತೊಂದರೆ ಕಾಲುಭಾಗದಷ್ಟು ಕಡಿಮೆಯಾಗುತ್ತದೆ ಎಂದು ಅದು ತೋರಿಸಿತು. ಹಾಗಿದ್ದರೆ ಇನ್ನೂ ಇಳಿಸಿದರೆ ಇನ್ನೂ ಒಳ್ಳೆಯದಲ್ಲವೇ? ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಅಧ್ಯಯನ ಇದನ್ನೇ ಪರೀಕ್ಷಿಸಿತು. ಹೃದಯದ ಅಪಾಯ ಹೆಚ್ಚಿದ್ದ 10,251 ಜನ, ಸರಾಸರಿ ವಯಸ್ಸು 62. ಒಂದು ಗುಂಪಿಗೆ ಆರರ ಒಳಗೆ ಇಳಿಸುವ ಗುರಿ. ಆ ಗುಂಪಿನಲ್ಲಿ 257 ಸಾವು, ಸಾಧಾರಣ ಗುರಿಯ ಗುಂಪಿನಲ್ಲಿ 203. 2008ರ ಫೆಬ್ರುವರಿಯಲ್ಲಿ ಆ ಕಟ್ಟುನಿಟ್ಟಿನ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಅಲ್ಲಿಂದೀಚೆಗೆ ಪರಿಣತರ ಮಾತಿನ ಧಾಟಿಯೇ ಬದಲಾಯಿತು. 2012ರಲ್ಲಿ ಅಮೆರಿಕದ ಮತ್ತು ಯುರೋಪಿನ ಮಧುಮೇಹ ಸಂಘಗಳು ಒಟ್ಟಾಗಿ ಹೊರಡಿಸಿದ ಹೇಳಿಕೆ, ರೋಗಿಯನ್ನು ಕೇಂದ್ರದಲ್ಲಿಟ್ಟು ಗುರಿಯನ್ನೂ ಔಷಧವನ್ನೂ ಗೊತ್ತುಮಾಡಬೇಕೆಂದು ಶೀರ್ಷಿಕೆಯಲ್ಲೇ ಸಾರಿತು. ಮೂವತ್ತೈದರ ಉಪಾಧ್ಯಾಯರಿಗೆ ಏಳರ ಕೆಳಗಿನ ಗುರಿ ಸರಿ, ಅವರ ಮುಂದೆ ನಲವತ್ತು ವರ್ಷ ಬಾಳುವ ಕಣ್ಣು, ಕಿಡ್ನಿ ಇವೆ. ಹಲವು ಕಾಯಿಲೆಗಳಿಂದ ಸೋತಿರುವ ವೃದ್ಧರಿಗೆ ಎಂಟರ ಆಸುಪಾಸು ಸಾಕೆಂದು ಇಂದಿನ ಮಾರ್ಗಸೂಚಿಗಳೇ ಒಪ್ಪುತ್ತವೆ. ಅವರಿಗೆ ಹದಿನೈದು ವರ್ಷದ ಮುಂದಿನ ಕಣ್ಣಿನ ತೊಂದರೆಗಿಂತ ನಾಳೆ ಬೆಳಿಗ್ಗೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದು ಸೊಂಟ ಮುರಿಯುವ ಅಪಾಯ ದೊಡ್ಡದು. ಇದನ್ನು ಅವರಿಗೆ ತಿಳಿಹೇಳದೆ, ಅವರ ಅಭಿಪ್ರಾಯ ಕೇಳದೆ ಗುರಿ ಹಾಕುವುದು ನ್ಯಾಯವಲ್ಲ. ರಿಪೋರ್ಟಿನಲ್ಲಿ 7.8 ಎಂದು ಕಂಡು ಅಪರಾಧಿಯಂತೆ ತಲೆ ತಗ್ಗಿಸುವ ಹಿರಿಯರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅವರು ಏನೂ ತಪ್ಪು ಮಾಡಿಲ್ಲ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

"ನಮಗೇನು ಗೊತ್ತಾಗುತ್ತೆ ಡಾಕ್ಟ್ರೇ, ನೀವೇ ನೋಡಿ ಬರೆದುಕೊಡಿ" ಎನ್ನುವವರೇ ನಮ್ಮಲ್ಲಿ ಹೆಚ್ಚು, ಹೀಗಿರುವಾಗ ಈ ಮಾತೆಲ್ಲ ಇಲ್ಲಿಗೆ ಹೊಂದುವುದೇ ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ನಂಬಿಕೆಯಿದೆ, ಅದಕ್ಕೆ ಬೆಲೆಯಿದೆ. ಪೂರ್ತಿ ಡಾಕ್ಟರಿಗೇ ಬಿಡುತ್ತೇನೆ ಎನ್ನುವುದೂ ರೋಗಿಯ ಒಂದು ಆಯ್ಕೆಯೇ. ಆದರೆ ಹಾಗೆ ಬಿಟ್ಟುಕೊಟ್ಟವರ ಊಟದ ಹೊತ್ತು, ಕೆಲಸ, ಕೈಯಲ್ಲಿನ ದುಡ್ಡು ಕೇಳದೆ ಬರೆಯಬಹುದು ಎಂದು ಅದರ ಅರ್ಥವಾಗುವುದಿಲ್ಲ. ಇನ್ನು, ಕೇಳುವವರಿಲ್ಲದೆ ಹೇಳುವ ಅಭ್ಯಾಸವೇ ತಪ್ಪಿಹೋದವರು, ಕೇಳಿದ ಮೊದಲ ಸಲವೇ ಮನಬಿಚ್ಚಿ ಮಾತಾಡುತ್ತಾರೆಂದು ನಿರೀಕ್ಷಿಸುವುದೂ ಸರಿಯಲ್ಲ. ಎರಡನೇ, ಮೂರನೇ ಸಲ ಕೇಳಬೇಕಾಗುತ್ತದೆ.

ರೋಗಿಗಳಿಗೆ ಇದು ಅರ್ಥವಾಗುವುದಿಲ್ಲ ಎಂಬ ವಾದವನ್ನಂತೂ ಮಧುಮೇಹದ ಚರಿತ್ರೆಯೇ ಮತ್ತೆ ಮತ್ತೆ ಸುಳ್ಳು ಮಾಡಿದೆ. ಬಾಸ್ಟನ್ನಿನ ವೈದ್ಯ ಎಲಿಯಟ್ ಜೋಸ್ಲಿನ್ 1918ರಲ್ಲಿ, ಇನ್ಸುಲಿನ್ ಇನ್ನೂ ಕೈಗೆ ಬರುವ ಮುಂಚೆಯೇ, ಮಧುಮೇಹದ ಕೈಪಿಡಿಯೊಂದನ್ನು ಬರೆದು ಅದು ವೈದ್ಯರೂ ರೋಗಿಗಳೂ ಒಟ್ಟಾಗಿ ಬಳಸಲೆಂದೇ ಇರುವುದು ಎಂದು ಹೆಸರಿನಲ್ಲೇ ಹೇಳಿದ್ದರು. ರಕ್ತದ ಸಕ್ಕರೆ ಅಳೆಯುವ ಯಂತ್ರ ಆಸ್ಪತ್ರೆಗಳಿಗೆ ಮಾತ್ರ ಮಾರಾಟವಾಗುತ್ತಿದ್ದ ಕಾಲದಲ್ಲಿ, ರಿಚರ್ಡ್ ಬರ್ನ್‌ಸ್ಟೀನ್ ಎಂಬ ಅಮೆರಿಕದ ಎಂಜಿನಿಯರ್, ಬಾಲ್ಯದಿಂದ ಮಧುಮೇಹಿ, ವೈದ್ಯೆಯಾಗಿದ್ದ ಹೆಂಡತಿಯ ಮೂಲಕ ಒಂದನ್ನು ತರಿಸಿಕೊಂಡರು. ದಿನಕ್ಕೆ ಹಲವು ಸಲ ತಮ್ಮ ರಕ್ತ ತಾವೇ ನೋಡಿಕೊಂಡು ಇನ್ಸುಲಿನ್ ಹೊಂದಿಸಿಕೊಂಡರು. ಅವರ ಬರಹವನ್ನು ವೈದ್ಯಕೀಯ ಪತ್ರಿಕೆಗಳು ಹಿಂದಕ್ಕೆ ಕಳಿಸಿದವು. ಕೊನೆಗೆ ನಲವತ್ತು ದಾಟಿದ ಮೇಲೆ ಅವರು ವೈದ್ಯಕೀಯ ಓದಿ ಡಾಕ್ಟರಾದರು. ಇಂದು ನಮ್ಮೂರಿನ ಮೆಡಿಕಲ್ ಶಾಪಿನಲ್ಲೂ ಗ್ಲುಕೋಮೀಟರ್ ಸಿಗುತ್ತದೆ. ಬ್ರಿಟನ್ನಿನಲ್ಲಿ ಡ್ಯಾಫ್ನಿ ಎಂಬ ತರಬೇತಿ ಇದೆ, ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಬೆಳೆದ ಪದ್ಧತಿಯ ಮೇಲೆ ಕಟ್ಟಿದ್ದು. ಟೈಪ್ 1 ಇರುವವರು ಐದು ದಿನ ಕಲಿತು, ತಾವು ತಿನ್ನುವುದಕ್ಕೆ ತಕ್ಕಂತೆ ಇನ್ಸುಲಿನ್ ಪ್ರಮಾಣವನ್ನು ತಾವೇ ನಿರ್ಧರಿಸುತ್ತಾರೆ. 169 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳಿಗೆ ತರಬೇತಿ ಪಡೆದವರ ಎಚ್‌ಬಿಎ1ಸಿ ಸರಾಸರಿ 8.4, ತರಬೇತಿಗೆ ಇನ್ನೂ ಕಾಯುತ್ತಿದ್ದವರದು 9.4. ಕಲಿಸಿದರೆ ಕಲಿಯುತ್ತಾರೆ. ರಾಗಿ ಮುದ್ದೆ ಎಷ್ಟು ದೊಡ್ಡದಾದರೆ ಶುಗರ್ ಎಷ್ಟು ಏರುತ್ತದೆ ಎಂಬುದನ್ನು ತಿಂಗಳೊಪ್ಪತ್ತಿನಲ್ಲಿ ಕಂಡುಕೊಳ್ಳುವ ಮಂಡ್ಯದ ರೈತನಿಗೆ ಇದು ಮೀರಿದ ವಿದ್ಯೆಯಲ್ಲ.

ಸಮಯವಿಲ್ಲ ಎಂಬ ದೂರು ಮಾತ್ರ ನಿಜವಾದದ್ದು. ಹಲವು ದೇಶಗಳ ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ರೋಗಿಗೆ ಕೊಡುವ ಸಮಯವನ್ನು ಒಟ್ಟುಮಾಡಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಸ್ವೀಡನ್ನಿನದು ಇಪ್ಪತ್ತೆರಡು ನಿಮಿಷ ದಾಟಿತ್ತು, ಬಾಂಗ್ಲಾದೇಶದ್ದು 48 ಸೆಕೆಂಡು. ಭಾರತದ್ದು ಎರಡು ನಿಮಿಷದ ಆಸುಪಾಸು. ಎರಡು ನಿಮಿಷದಲ್ಲಿ ಕಾರ್ಡು ಹರಡಿ ಕೂರಲಾಗದು, ಇದಕ್ಕೆ ಡಾಕ್ಟರರನ್ನು ದೂರುವುದೂ ಸಲ್ಲದು. ಆದರೆ ಈ ಮಾತುಕತೆ ಪೂರ್ತಿ ಡಾಕ್ಟರ ಬಾಯಿಂದಲೇ ಆಗಬೇಕೆಂದು ಯಾರು ಹೇಳಿದರು? ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಇದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ. 2024ರಲ್ಲಿ ಕೋಲಾರ ಜಿಲ್ಲೆಯಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿಯೇ ಮನೆಬಾಗಿಲಿಗೆ ಹೋಗಿ ಬಿ.ಪಿ., ಶುಗರ್ ನೋಡುತ್ತಾರೆ, ಔಷಧ ಮುಟ್ಟಿಸುತ್ತಾರೆ. ಮಾತ್ರೆ ಡಬ್ಬಿ ಇರುವ ಮನೆಯೊಳಗೇ ಹೋಗುವ ಅವಕಾಶ ಅದು. ಕೊಟ್ಟು ಬರುವುದರ ಜೊತೆಗೆ ಕೇಳಿ ಬರುವುದನ್ನೂ ಆ ಕೆಲಸದ ಭಾಗ ಮಾಡಿದರೆ, ಡಾಕ್ಟರ ಎರಡು ನಿಮಿಷಕ್ಕೆ ಬೇಕಾದ ಸಂಗತಿ ಮೊದಲೇ ಸಿದ್ಧವಿರುತ್ತದೆ.

ರೋಗಿಯ ಮಾತು ನಡೆಯಲಿ ಎನ್ನುವುದಕ್ಕೆ ಮಿತಿಯೂ ಇದೆ, ಅದನ್ನು ಗಟ್ಟಿಯಾಗಿ ಹೇಳಬೇಕು. ಟೈಪ್ 1 ಇರುವ ಮಗುವಿನ ಇನ್ಸುಲಿನ್ ನಿಲ್ಲಿಸಿ ಯಾವುದೋ ಕಷಾಯ ಕುಡಿಸುತ್ತೇವೆ ಎಂದರೆ ಅದನ್ನು ಅಭಿಪ್ರಾಯಭೇದವೆಂದು ಒಪ್ಪಲಾಗದು. ಇನ್ಸುಲಿನ್ ಇಲ್ಲದಿದ್ದರೆ ಆ ಮಗು ಉಳಿಯುವುದಿಲ್ಲ. ಶುಗರನ್ನು ಬೇರುಸಮೇತ ಗುಣಪಡಿಸುತ್ತೇವೆಂದು ಆಸೆ ಹುಟ್ಟಿಸುವವರ ಬಾಗಿಲಿಗೆ ಜನ ಹೋಗುವುದು ಅಲ್ಲಿ ಅವರ ಮಾತನ್ನು ಅರ್ಧ ಗಂಟೆ ಕೂತು ಕೇಳುತ್ತಾರೆಂಬ ಕಾರಣಕ್ಕೂ ಹೌದು. ಇದನ್ನು ಆಧುನಿಕ ವೈದ್ಯರು ಗಂಭೀರವಾಗಿ ತೆಗೆದುಕೊಳ್ಳಬೇಕು.

ಕೇಳದೆ ಬರೀ ಬೇಡ ಎಂದರೆ ಏನಾಗುತ್ತದೆ ಎಂಬುದಕ್ಕೆ ಉಪವಾಸದ ವಿಷಯ ನೋಡಿ. 13 ದೇಶಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮುಸ್ಲಿಂ ಮಧುಮೇಹಿಗಳನ್ನು ಒಳಗೊಂಡ ಎಪಿಡಿಯಾರ್ ಅಧ್ಯಯನ, ಟೈಪ್ 2 ಇರುವವರಲ್ಲಿ ಸುಮಾರು ಶೇ 79ರಷ್ಟು ಮಂದಿ ರಮ್ಜಾನಿನಲ್ಲಿ ಹದಿನೈದು ದಿನವಾದರೂ ಉಪವಾಸ ಇರುತ್ತಾರೆಂದು ಕಂಡುಕೊಂಡಿತು. ಆ ತಿಂಗಳಲ್ಲಿ ಶುಗರ್ ಅಪಾಯಕಾರಿಯಾಗಿ ಇಳಿಯುವುದೂ ಹಲವು ಪಟ್ಟು ಹೆಚ್ಚಿತ್ತು. ಬೇಡ ಎಂದೊಂದು ಮಾತು ಹೇಳಿ ಕೈತೊಳೆದುಕೊಂಡರೆ ಅವರು ಹೇಳದೆ ಉಪವಾಸ ಮಾಡುತ್ತಾರೆ, ಮಾತ್ರೆಯನ್ನು ಮನಸ್ಸಿಗೆ ಬಂದಂತೆ ಹಿಂದೆ ಮುಂದೆ ಮಾಡುತ್ತಾರೆ. ಹಾಗಾಗಿಯೇ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ, ಯಾರಿಗೆ ಅಪಾಯ ಎಷ್ಟು, ಯಾವ ಮಾತ್ರೆಯ ಹೊತ್ತನ್ನು ಹೇಗೆ ಬದಲಿಸಬೇಕು, ಯಾವ ಮಟ್ಟಕ್ಕೆ ಇಳಿದರೆ ಉಪವಾಸ ಮುರಿಯಲೇಬೇಕು ಎಂದು ವಿವರವಾದ ಮಾರ್ಗಸೂಚಿ ಮಾಡಿಸಿತು. ಏಕಾದಶಿ, ಶಿವರಾತ್ರಿ, ಸಂಕಷ್ಟಿಯ ಉಪವಾಸ ಹಿಡಿಯುವ ನಮ್ಮ ಅಮ್ಮಂದಿರ ವಿಷಯದಲ್ಲೂ ಇದೇ ಮಾತುಕತೆ ಹಬ್ಬದ ಮುಂಚೆಯೇ ಆಗಬೇಕು.

ಕಾನೂನೂ ಈ ದಿಕ್ಕಿಗೇ ನಡೆದಿದೆ, ಅದಕ್ಕೆ ಕಾರಣಳಾದವಳೂ ಒಬ್ಬ ಮಧುಮೇಹಿ. ಸ್ಕಾಟ್ಲೆಂಡಿನ ನಾಡೀನ್ ಮಾಂಟ್‌ಗೊಮರಿಗೆ 1999ರಲ್ಲಿ ಹೆರಿಗೆಯಾಗುವಾಗ ಮಗುವಿನ ಭುಜ ಸಿಕ್ಕಿಕೊಂಡಿತು, ಮಗುವಿನ ಮಿದುಳಿಗೆ ಶಾಶ್ವತ ಹಾನಿಯಾಯಿತು. ಮಧುಮೇಹಿ ತಾಯಂದಿರಲ್ಲಿ ಇಂಥ ಅಪಾಯ ಶೇ 9-10ರಷ್ಟಿದೆ ಎಂದು ಆಕೆಗೆ ಹೇಳಿರಲಿಲ್ಲ. ಹೇಳಿದರೆ ಎಲ್ಲರೂ ಸಿಸೇರಿಯನ್ನೇ ಕೇಳುತ್ತಾರೆ ಎಂಬುದು ವೈದ್ಯರ ಸಮರ್ಥನೆಯಾಗಿತ್ತು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಆ ಸ್ಥಿತಿಯಲ್ಲಿರುವ ವ್ಯಕ್ತಿಗೆ ಯಾವ ಅಪಾಯ ಮುಖ್ಯವೆನಿಸುತ್ತದೋ ಅದನ್ನು ತಿಳಿಸಲೇಬೇಕು, ಬೇರೆ ದಾರಿಗಳನ್ನೂ ಹೇಳಬೇಕು ಎಂದಿತು. ನಮ್ಮ ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಅಷ್ಟು ದೂರ ಹೋಗದಿದ್ದರೂ, ಚಿಕಿತ್ಸೆಯ ಸ್ವರೂಪ, ಪರ್ಯಾಯ, ಅಪಾಯಗಳ ಬಗ್ಗೆ ಸಾಕಷ್ಟು ಮಾಹಿತಿ ಕೊಟ್ಟ ಮೇಲೆಯೇ ಒಪ್ಪಿಗೆ ಒಪ್ಪಿಗೆಯಾಗುತ್ತದೆ ಎಂದಿತು. ಆಪರೇಷನ್ನಿಗೆ ಸಹಿ ಪಡೆಯುವ ನಾವು ಬದುಕಿಡೀ ನುಂಗುವ ಮಾತ್ರೆಗೆ ಒಂದು ಮಾತೂ ಕೇಳುವುದಿಲ್ಲ.

ನಮ್ಮಲ್ಲಿ ರೋಗಿಯ ಜೊತೆ ಮನೆಯವರೂ ಬರುತ್ತಾರೆ, ಅದು ಒಳ್ಳೆಯದೇ. ಆದರೆ ಅಮ್ಮ ಕುರ್ಚಿಯಲ್ಲಿ ಕೂತಿರುತ್ತಾರೆ, ಡಾಕ್ಟರು ಪಕ್ಕದಲ್ಲಿ ನಿಂತ ಮಗನ ಮುಖ ನೋಡಿ ಮಾತಾಡುತ್ತಾರೆ. ಇನ್ಸುಲಿನ್ ಶುರುಮಾಡೋಣವೇ ಎಂಬ ಪ್ರಶ್ನೆಗೂ ಮಗನೇ ಉತ್ತರ ಕೊಡುತ್ತಾನೆ. ಸೂಜಿ ಚುಚ್ಚಿಕೊಳ್ಳುವವರು ಅಮ್ಮ. ಅವರ ಕಡೆ ತಿರುಗಿ "ನೀವೇನಂತೀರಮ್ಮ?" ಎಂದು ಕೇಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಮುಂದಿನ ವರ್ಷಗಳಲ್ಲಿ ಆಯ್ಕೆಗಳು ಇನ್ನೂ ಹೆಚ್ಚುತ್ತವೆ. ಭಾರತದಲ್ಲಿ ವಿಲ್ಡಾಗ್ಲಿಪ್ಟಿನ್ ಪೇಟೆಂಟ್ 2019ರಲ್ಲಿ, ಡಪಾಗ್ಲಿಫ್ಲೋಜಿನ್‌ದು 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚ್‌ನಲ್ಲಿ ಮುಗಿದು ಬೆಲೆಗಳು ಭಾರಿ ಇಳಿದಿವೆ. ಹಿಂದೆ ದುಡ್ಡಿದ್ದವರಿಗೆ ಮಾತ್ರ ಇದ್ದ ಮಾತ್ರೆಗಳು ಈಗ ಕೂಲಿ ಮಾಡುವವರ ಕೈಗೂ ಎಟುಕುತ್ತಿವೆ. ಆದರೆ ಅದೇ ಔಷಧ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ, ಬ್ರ್ಯಾಂಡ್ ಬದಲಿಸಬಹುದೇ ಎಂದು ಕೇಳಲು ಧೈರ್ಯ ಸಾಲದವರು ಇಂದೂ ಮೆಡಿಕಲ್ ಶಾಪಿನ ಕೌಂಟರಿನಲ್ಲಿ, ಒಂದು ತಿಂಗಳಿಗೆ ಬರೆದ ಚೀಟಿ ಹಿಡಿದು "ಸದ್ಯಕ್ಕೆ ಐದು ದಿನದ್ದು ಕೊಡಿ" ಎನ್ನುತ್ತಾರೆ. ಅಂಗಡಿಯವನು ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುತ್ತಾನೆ. ಅವರಿಗೆ ಆಗುವಷ್ಟು ಖರ್ಚು ಎಷ್ಟು ಎಂದು ಚೀಟಿ ಬರೆಯುವ ಮೊದಲೇ ಡಾಕ್ಟರು ಕೇಳಬಹುದು. ಕೇಳಿದರೆ, ಇರುವುದರಲ್ಲೇ ಮೂವತ್ತು ದಿನವೂ ನುಂಗಬಲ್ಲ ಒಂದು ಔಷಧ ಬಹಳಷ್ಟು ಜನರಿಗೆ ಸಿಗುತ್ತದೆ.